ಸೌತೆಯ ಬಳ್ಳಿಯಲ್ಲಿ ಹೆಣ್ಣುಹೂಗಳನ್ನು ಹೆಚ್ಚಿಸುವ ಕ್ರಮ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿಗೆ ಸೇರಿದ ಹಂಸಭಾವಿಯೂ ಅದರ ಸುತ್ತಣ ಗ್ರಾಮಗಳೂ ಮಲೆನಾಡಿಗೂ ಬಯಲುಸೀಮೆಗೂ ನಡುವಣ ಭೂಮಿಯಲ್ಲಿರುತ್ತವೆ. ಈ ಭಾಗದಲ್ಲಿ ಗೋವಿನಜೋಳ, ಹತ್ತಿ ಮುಂತಾದುವು ಮುಖ್ಯ ಬೆಳೆಗಳಾಗಿದ್ದರೂ, ನೀರಿನ ಅನುಕೂಲವುಳ್ಳ ರೈತರು ಕಾಯಿಪಲ್ಲೆಯ ಬೇಸಾಯವನ್ನೂ ಮಾಡುತ್ತಾರೆ. ಕಾಯಿಪಲ್ಲೆಗಳ ಪೈಕಿ ಸೌತೆಯು ಬೇಗನೆ ಕೈಗೆ ಹಣ ತರುವ ಬೆಳೆ. ಬಿತ್ತಿದ ಸುಮಾರು ಒಂದೂವರೆ ತಿಂಗಳಲ್ಲಿ ಕೊಯ್ಲಿಗೆ ಆರಂಭವಾಗುತ್ತದೆ. ಆದರೆ ಈ ಬೆಳೆಯಲ್ಲಿ ಒಂದು ನಿರಾಶೆಯೂ ಉಂಟು. ಬಳ್ಳಿಯು ಹುಲುಸಾಗಿ ಹಬ್ಬಿ, ಮೈತುಂಬ ಹಳದಿ ಹೂ ಬಿಟ್ಟು, ನೋಡಿದವರು ಮೆಚ್ಚುವಂತಿದ್ದರೂ ಎಷ್ಟೋ ದಿನಗಳವರೆಗೆ ಕಾಯಿ ಕಚ್ಚುವುದಿಲ್ಲ. ಆಗ ಬೀಜ ಕೊಟ್ಟವರನ್ನು ದೂರುವವರೂ ಉಂಟು, ದೃಷ್ಟಿ ತಾಕಿತೆನ್ನುವವರೂ ಉಂಟು. ನಿಜವಾದ ಕಾರಣವು ಬೇರೆಯಾಗಿದೆ. ಸೌತೆಯ ಬಳ್ಳಿಯಲ್ಲಿ ಮೊದಲು ಅರಳುವ ಹೂಗಳು ಸಾಮಾನ್ಯವಾಗಿ ಗಂಡುಹೂಗಳು. ಗಂಡುಹೂ ಸಾವಿರವಿದ್ದರೂ ಅದರಲ್ಲಿ ಒಂದು ಕಾಯಿಯೂ ಬರತಕ್ಕದ್ದಲ್ಲ.

ಈ ಗಂಡುಹೂಗಳನ್ನು ತಗ್ಗಿಸಿ ಹೆಣ್ಣುಹೂಗಳನ್ನು ಬೇಗನೆಯೂ ಹೆಚ್ಚಾಗಿಯೂ ಪಡೆಯುವ ಉಪಾಯವು ತಿಳಿದುಬಂದು ಅರ್ಧ ಶತಮಾನಕ್ಕೂ ಮೇಲಾಯಿತು. ಇದಕ್ಕೆ ಬೇಕಾಗುವ ಔಷಧವು ಅತ್ಯಲ್ಪ. ಆದರೆ ಬೀಜದ ಜಾತಿಯನ್ನು ವಿಚಾರಿಸದೆ, ಅಳತೆಯಿಲ್ಲದೆ, ಕಾಲ ಮೀರಿ ಇದನ್ನು ಬಳಸಿದಲ್ಲಿ ಲಾಭದ ಬದಲು ಬೆಳೆಯೇ ಕೆಟ್ಟುಹೋಗುವುದು. ಒಬ್ಬ ರೈತನು ಮಾಡಿದ ಕೆಲಸವನ್ನು ನೋಡಿ ಊರಿನವರೆಲ್ಲರೂ ಅನುಸರಿಸುವುದು ವಾಡಿಕೆಯಾದುದರಿಂದ, ಗ್ರಾಮದ ಹಿರಿಯರೂ ಭೂಮಾಲೀಕರೂ ಇದರ ಗುಣದೋಷಗಳನ್ನು ಮೊದಲು ತಾವು ತಿಳಿದುಕೊಂಡು ಆಮೇಲೆ ಇತರರಿಗೆ ಹೇಳುವುದು ಉಚಿತವಾಗಿದೆ.

ಬೆಳೆಯ ಮಹತ್ವ

ಸೌತೆಯು ಈಗ ಕೇವಲ ಸಂತೆಯ ಬೆಳೆಯಾಗಿ ಉಳಿದಿಲ್ಲ. ಗರ್ಕಿನ್ ಎಂದು ಕರೆಯಲ್ಪಡುವ ಮಿಡಿಸೌತೆಯ ಬೇಸಾಯವು 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿಯೇ ಮೊದಲಾಗಿ, ತರುವಾಯ ತಮಿಳುನಾಡು, ಆಂಧ್ರಪ್ರದೇಶ ಮತ್ತು ತೆಲಂಗಾಣಗಳಿಗೆ ಹಬ್ಬಿತು. ಇದನ್ನು ಉಪ್ಪುನೀರಿನಲ್ಲಿ ಅಥವಾ ಹುಳಿನೀರಿನಲ್ಲಿ ಕೆಡದಂತೆ ಇಟ್ಟು ಪರದೇಶಗಳಿಗೆ ಕಳುಹಿಸಲಾಗುತ್ತದೆ. 2020–21ನೆಯ ಸಾಲಿನಲ್ಲಿ ಭಾರತದಿಂದ 2,23,515 ಟನ್ನು ಸೌತೆ ಮತ್ತು ಮಿಡಿಸೌತೆ ರಫ್ತಾಗಿ 22 ಕೋಟಿ 30 ಲಕ್ಷ ಡಾಲರುಗಳಷ್ಟು ಬೆಲೆ ಬಂದಿತು. ಸುಮಾರು 90,000 ಸಣ್ಣ ರೈತರು 65,000 ಎಕರೆಗಳಲ್ಲಿ ಇದನ್ನು ಕರಾರಿನ ಮೇಲೆ ಬೆಳೆಯುತ್ತಿದ್ದರೆಂದೂ, ಎಕರೆಗೆ ಒಂದು ಬೆಳೆಗೆ ಸರಾಸರಿ 4 ಟನ್ನು ಇಳುವರಿ ಬಂದು ಖರ್ಚು ಕಳೆದು ಸುಮಾರು 40,000 ರೂಪಾಯಿ ಉಳಿಯುತ್ತಿದ್ದಿತೆಂದೂ 2022ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿತು. ಈ ಬೆಳೆಯ ಅವಧಿ 90 ದಿನಗಳು ಮಾತ್ರ. ಇಷ್ಟು ಅಲ್ಪ ಕಾಲದ ಬೆಳೆಯಲ್ಲಿ ಗಂಡುಹೂಗಳು 10 ದಿನಗಳನ್ನು ವ್ಯರ್ಥಗೊಳಿಸಿದರೆ ನಷ್ಟವು ಎಷ್ಟೆಂಬುದನ್ನು ಯಜಮಾನರು ತಾವೇ ಲೆಕ್ಕ ಹಾಕಬಹುದು.

ಗಂಡುಹೂ ಮತ್ತು ಹೆಣ್ಣುಹೂ

ಹತ್ತಿಯ ಒಂದೊಂದು ಹೂವಿನಲ್ಲಿಯೂ ಗಂಡು ಹೆಣ್ಣು ಎಂಬ ಎರಡು ಅಂಗಗಳೂ ಕೂಡಿರುತ್ತವೆ. ಸೌತೆಯಲ್ಲಿ ಹಾಗಲ್ಲ, ಒಂದೇ ಬಳ್ಳಿಯಲ್ಲಿ ಗಂಡುಹೂಗಳು ಬೇರೆ, ಹೆಣ್ಣುಹೂಗಳು ಬೇರೆ. ಗಂಡುಹೂಗಳು ತೆಳ್ಳಗಿನ ತೊಟ್ಟಿನ ಮೇಲೆ ಗೊಂಚಲಾಗಿ ಬರುತ್ತವೆ. ಹೆಣ್ಣುಹೂವಿನ ಬುಡದಲ್ಲಿ ಹೂ ಅರಳುವ ಮೊದಲೇ ಸಣ್ಣ ಮಿಡಿಯೊಂದು ಕಾಣಿಸುತ್ತದೆ. ಈ ಒಂದು ಗುರುತಿನಿಂದ ಮಕ್ಕಳೂ ಇವೆರಡನ್ನು ಬೇರ್ಪಡಿಸಿ ಹೇಳಬಲ್ಲರು.

ಬಳ್ಳಿಯ ಬುಡದ ಗೆಣ್ಣುಗಳಲ್ಲಿ ಗಂಡುಹೂಗಳು, ನಂತರ ಗಂಡು ಹೆಣ್ಣು ಬೆರೆತ ಗೆಣ್ಣುಗಳು, ತುದಿಯ ಕಡೆಗೆ ಹೆಣ್ಣುಹೂಗಳು ಹೆಚ್ಚಾಗಿರುವ ಗೆಣ್ಣುಗಳು, ಹೀಗೆ ಕ್ರಮವಿರುತ್ತದೆ. ಈ ಕ್ರಮವು ಋತುವಿಗನುಸಾರವಾಗಿ ಹೆಚ್ಚುಕಡಿಮೆಯಾಗುವುದು. ಹಗಲು ದೀರ್ಘವಾಗಿ ಬಿಸಿಲು ತೀಕ್ಷ್ಣವಾಗಿರುವಾಗ ಗಂಡುಹೂಗಳು ಹೆಚ್ಚುತ್ತವೆ; ಹಗಲು ಚಿಕ್ಕದಾಗಿ ಹವೆಯು ತಂಪಾಗಿರುವಾಗ ಹೆಣ್ಣುಹೂಗಳು ಹೆಚ್ಚುತ್ತವೆ. ಸಾರಜನಕದ ಗೊಬ್ಬರವನ್ನು ಮಿತಿಮೀರಿ ಹಾಕಿದರೂ ಬಳ್ಳಿಯು ಸೊಕ್ಕಿ ಗಂಡುಹೂಗಳನ್ನೇ ಹೆಚ್ಚಾಗಿ ಬಿಡುವುದು. ಯೂರಿಯಾದ ಚೀಲವನ್ನು ಹಿಡಿತದಲ್ಲಿಡುವುದು ಹೆಣ್ಣುಹೂಗಳಿಗೆ ಖರ್ಚಿಲ್ಲದ ಮೊದಲನೆಯ ಉಪಾಯವೆಂದು ತಿಳಿಯತಕ್ಕದ್ದು.

ಹೂವಿನ ಲಿಂಗವು ಗೊತ್ತಾಗುವ ಬಗೆ

ಸೌತೆಯ ಮೊಗ್ಗು ಮೊಳೆಯುವಾಗ ಅದರಲ್ಲಿ ಗಂಡು ಮತ್ತು ಹೆಣ್ಣು ಎಂಬ ಎರಡು ಅಂಗಗಳ ಅಂಕುರಗಳೂ ಇರುತ್ತವೆ. ಆಮೇಲೆ ಒಂದು ಬೆಳೆದು ಇನ್ನೊಂದು ಕುಂಠಿತವಾಗುತ್ತದೆ. ಯಾವುದು ಬೆಳೆಯಬೇಕೆಂಬುದು ಬಳ್ಳಿಯೊಳಗೆ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಉತ್ಪತ್ತಿಯಾಗುವ ಸಸ್ಯಚೋದಕಗಳೆಂಬ ವಸ್ತುಗಳನ್ನು ಅವಲಂಬಿಸಿರುತ್ತದೆ. ಎಥಿಲೀನ್ ಎಂಬ ಅನಿಲವು ಸೌತೆಯಲ್ಲಿ ಹೆಣ್ಣುಹೂವಿಗೆ ಅನುಕೂಲವಾದುದು. ಮಾವು ಬಾಳೆಗಳು ಹಣ್ಣಾಗುವುದೂ ಈ ಅನಿಲದಿಂದಲೇ. ಜಿಬ್ಬರೆಲಿನ್ ಎಂಬ ಚೋದಕವು ಗಂಡುಹೂವಿಗೆ ಅನುಕೂಲವಾದುದು.

ಈ ಜ್ಞಾನವು ಹಂತಹಂತವಾಗಿ ದೊರೆಯಿತು. 1960ರಲ್ಲಿ ಅಮೆರಿಕದ ಪೀಟರ್ಸನ್ ಮತ್ತು ಅವರ ಸಹೋದ್ಯೋಗಿಯು, ಹೆಣ್ಣುಹೂಗಳನ್ನು ಮಾತ್ರವೇ ಬಿಡುವ ಸೌತೆಯ ಬಳ್ಳಿಗೆ ಜಿಬ್ಬರೆಲಿನ್ ಸಿಂಪಡಿಸಿ ಗಂಡುಹೂಗಳನ್ನು ಬರಿಸಿದರು. 1968ರಲ್ಲಿ ಮ್ಯಾಕ್‌ಮರ್ರೆ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು, ಗಿಡದೊಳಗೆ ಸೇರಿ ಎಥಿಲೀನ್ ಅನಿಲವನ್ನು ಬಿಡುವ ದ್ರವವೊಂದನ್ನು ಎಳೆಯ ಬಳ್ಳಿಗಳಿಗೆ ಸಿಂಪಡಿಸಿ, ಗಂಡುಹೂಗಳ ಸ್ಥಾನದಲ್ಲಿ ಹೆಣ್ಣುಹೂಗಳು ಬರುವುದನ್ನು ತೋರಿಸಿದರು. ಆ ದ್ರವವೇ ಎಥೆಫಾನ್. ಅಂಗಡಿಗಳಲ್ಲಿ ಇದು ಎಥ್ರೆಲ್ ಎಂಬ ಹೆಸರಿನಿಂದ ಹೆಚ್ಚಾಗಿ ಪರಿಚಿತವಾಗಿದೆ. ಬೆಳ್ಳಿಯ ಲವಣಗಳು ಎಥಿಲೀನಿನ ಪರಿಣಾಮವನ್ನು ತಡೆಯುತ್ತವೆಂಬುದನ್ನು 1976ರಲ್ಲಿ ಬೇಯರ್ ಎಂಬವರು ಪ್ರಕಟಿಸಿದರು. ಹೀಗೆ ಹೆಣ್ಣುಹೂ ಬೇಕಾದವರಿಗೆ ಒಂದು, ಗಂಡುಹೂ ಬೇಕಾದವರಿಗೆ ಇನ್ನೊಂದು ಸಾಧನವು ದೊರೆತಂತಾಯಿತು.

ಮೊದಲು ಬೀಜವನ್ನು ಅರಿಯತಕ್ಕದ್ದು

ಔಷಧದ ಶೀಸೆಯನ್ನು ಕೊಳ್ಳುವ ಮೊದಲು ಬಿತ್ತಿದ ಬೀಜವು ಎಂಥದೆಂಬುದನ್ನು ವಿಚಾರಿಸತಕ್ಕದ್ದು. ಸೌತೆಯ ಬೀಜವನ್ನು ಈ ವಿಷಯದಲ್ಲಿ ಮೂರು ವರ್ಗಗಳಾಗಿ ಮಾಡಬಹುದು.

ಮೊದಲನೆಯದು ಮನೆಯಲ್ಲಿ ಉಳಿಸಿಕೊಂಡು ಬಂದ ನಾಟಿ ಬೀಜ ಮತ್ತು ಗಂಡು ಹೆಣ್ಣು ಎರಡೂ ಹೂಗಳನ್ನು ಬಿಡುವ ಸುಧಾರಿತ ತಳಿಗಳು. ಎಥೆಫಾನ್ ಸಿಂಪಡಿಸುವುದರಿಂದ ಪ್ರಯೋಜನ ಕಾಣುವುದು ಈ ವರ್ಗದಲ್ಲಿ ಮಾತ್ರ.

ಎರಡನೆಯದು ಬಹುಮಟ್ಟಿಗೆ ಹೆಣ್ಣುಹೂಗಳನ್ನೇ ಬಿಡುವ ಹೈಬ್ರಿಡ್ ತಳಿಗಳು. ಇವುಗಳ ಮೂಲವು ಕೊರಿಯಾ ದೇಶದಿಂದ ಬಂದ ಒಂದು ಸೌತೆ. ಅದರಿಂದ ಪೀಟರ್ಸನ್ ಅವರು 1960ರ ಸುಮಾರಿಗೆ ಮಿಚಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಂಥ ತಳಿಯನ್ನು ಸಿದ್ಧಪಡಿಸಿದರು. ಎಥಿಲೀನ್ ತಯಾರಿಕೆಗೆ ಬೇಕಾದ ವಂಶವಾಹಿಯ ಒಂದು ಪ್ರತಿಯು ಇವುಗಳಲ್ಲಿ ಹೆಚ್ಚಾಗಿರುತ್ತದೆಂದು ಇತ್ತೀಚಿನ ಸಂಶೋಧನೆಗಳಿಂದ ತಿಳಿದಿದೆ. ಅಂದರೆ ಔಷಧವು ಮಾಡಬೇಕಾದ ಕೆಲಸವನ್ನು ಬಳ್ಳಿಯು ತಾನೇ ಮಾಡಿಕೊಳ್ಳುತ್ತಿದೆ. ಇಂಥ ಬಳ್ಳಿಗೆ ಎಥೆಫಾನ್ ಹೊಡೆಯುವುದು ತುಂಬಿದ ಕೆರೆಗೆ ಕೊಡದಿಂದ ನೀರು ಸುರಿದಂತೆ. ಅಷ್ಟೇ ಅಲ್ಲದೆ ಬಳ್ಳಿಯ ಬೆಳವಣಿಗೆಯು ಕುಂಠಿತವಾಗುವ ಹಾನಿಯೂ ಉಂಟು. ಮಿಡಿಸೌತೆಯ ಹೈಬ್ರಿಡ್ ಬೀಜಗಳಲ್ಲಿ ಅನೇಕವು ಈ ವರ್ಗದವು. ಪರಾಗಕ್ಕೋಸ್ಕರ ಇವುಗಳ ಜೊತೆಯಲ್ಲಿ ನೂರಕ್ಕೆ 10ರಿಂದ 15ರಷ್ಟು ಗಂಡುಹೂ ಬಿಡುವ ತಳಿಯ ಬೀಜವನ್ನು ಬೆರೆಸುವ ಪದ್ಧತಿಯಿದೆ. ಆ ಕೆಲವು ಬಳ್ಳಿಗಳನ್ನು ಕಾಯಿ ಬಿಡದವೆಂದು ಕಿತ್ತು ಹಾಕತಕ್ಕದ್ದಲ್ಲ. ಉಳಿದ ಬಳ್ಳಿಗಳ ಫಲವು ಅವನ್ನೇ ನಂಬಿರುತ್ತದೆ.

ಮೂರನೆಯದು ಪರಾಗವಿಲ್ಲದೆಯೇ ಬೀಜರಹಿತವಾದ ಕಾಯಿ ಕಚ್ಚುವ ತಳಿಗಳು. ಪಾಲಿಮನೆಗಳಲ್ಲಿ ಬೆಳೆಯುವ ಸೌತೆಯು ಹೆಚ್ಚಾಗಿ ಇಂಥದು. ಇವುಗಳಿಗೂ ಈ ಔಷಧದ ಅಗತ್ಯವಿಲ್ಲ.

ಬೀಜದ ಪೊಟ್ಟಣದ ಮೇಲಿನ ವಿವರವನ್ನು ಓದಿಸಿ, ಸಂಶಯವಿದ್ದಲ್ಲಿ ಬೀಜ ಕೊಟ್ಟವರನ್ನು ಕೇಳಿ, ಇದು ಯಾವ ವರ್ಗದ್ದೆಂದು ನಿಶ್ಚಯಿಸಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಬೇಕು.

ಔಷಧದ ಪ್ರಮಾಣ ಮತ್ತು ಕಾಲ

ಎಥೆಫಾನಿನ ಪ್ರಮಾಣವನ್ನು ಹತ್ತು ಲಕ್ಷ ಭಾಗ ನೀರಿಗೆ ಇಷ್ಟು ಭಾಗ ಎಂದು ಹೇಳುವುದು ರೂಢಿ, ಇದನ್ನೇ ಪಿ.ಪಿ.ಎಂ. ಎನ್ನುತ್ತಾರೆ. ಸೌತೆಗೆ 100ರಿಂದ 200 ಪಿ.ಪಿ.ಎಂ. ಸಾಕಾಗುತ್ತದೆ. ನೂರಕ್ಕೆ 39ರಷ್ಟು ಎಥೆಫಾನ್ ಇರುವ ದ್ರಾವಣವಾದರೆ, 10 ಲೀಟರ್ ನೀರಿಗೆ ಸುಮಾರು 2.5 ಮಿಲಿ ಲೀಟರ್ ಬೆರೆಸಿದರೆ 100 ಪಿ.ಪಿ.ಎಂ. ಆಗುವುದು, ಸುಮಾರು 5 ಮಿಲಿ ಲೀಟರ್ ಬೆರೆಸಿದರೆ 200 ಪಿ.ಪಿ.ಎಂ. ಆಗುವುದು. ಇಷ್ಟು ಅಲ್ಪವಾದ ವಸ್ತುವನ್ನು ಶೀಸೆಯ ಮುಚ್ಚಳದಿಂದ ಅಂದಾಜಾಗಿ ಸುರಿಯುವುದು ಸರ್ವಥಾ ತಪ್ಪು. ಗೆರೆಗಳುಳ್ಳ ಅಳತೆಯ ಪಾತ್ರೆಯನ್ನಾಗಲಿ ಸೂಜಿಯಿಲ್ಲದ ಸಿರಿಂಜನ್ನಾಗಲಿ ಉಪಯೋಗಿಸಬೇಕು. ಹೊಸದಾಗಿ ಪ್ರಯತ್ನಿಸುವವರು ಕಡಿಮೆಯ ಪ್ರಮಾಣದಿಂದ ಆರಂಭಿಸುವುದು ಕ್ಷೇಮ.

ಸಿಂಪಡಿಸುವ ಕಾಲವು ಪ್ರಮಾಣದಷ್ಟೇ ಮುಖ್ಯವಾದುದು. ಬಳ್ಳಿಗೆ ಎರಡು ಎಲೆ ಬಂದಾಗ ಒಂದು ಸಲ, ನಾಲ್ಕು ಎಲೆ ಬಂದಾಗ ಮತ್ತೊಂದು ಸಲ ಸಿಂಪಡಿಸಬೇಕು. ಮೊಳಕೆಯೊಡನೆ ಮೇಲೆ ಬರುವ ಎರಡು ದಪ್ಪನೆಯ ಬೀಜದಳಗಳನ್ನು ಈ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಆಮೇಲೆ ಬರುವ ಒರಟಾದ ನಿಜವಾದ ಎಲೆಗಳನ್ನೇ ಎಣಿಸಬೇಕು. ಬಳ್ಳಿಯು ಇಷ್ಟು ಎಳೆಯದಾಗಿರುವಾಗಲೇ ಅದರ ಕುಡಿಯೊಳಗೆ ಮುಂದಿನ ಅನೇಕ ಗೆಣ್ಣುಗಳ ಮೊಗ್ಗುಗಳು ಮೊಳೆಯುತ್ತಿರುತ್ತವೆ. ಲಿಂಗವು ಗೊತ್ತಾಗದ ಮೊಗ್ಗಿನ ಮೇಲೆ ಮಾತ್ರ ಔಷಧವು ಕೆಲಸ ಮಾಡಬಲ್ಲದು. ಗಂಡುಹೂಗಳು ಕಣ್ಣಿಗೆ ಕಂಡ ಮೇಲೆ ಸಿಂಪಡಿಸಿದರೆ ಅವು ಹೆಣ್ಣಾಗಲಾರವು.

ಸಿಂಪಡಣೆಯು ಬೆಳಗಿನ ತಂಪಿನಲ್ಲಾಗಲಿ ಸಂಜೆಯಲ್ಲಾಗಲಿ ನಡೆಯಬೇಕು. ಎಲೆಗಳೂ ಕುಡಿಯೂ ಸಣ್ಣ ಹನಿಗಳಿಂದ ತೊಯ್ದರೆ ಸಾಕು. ನೀರು ಸುರಿಯುವಷ್ಟು ಹೊಡೆಯಬಾರದು. ಮಳೆ ಬರುವ ಲಕ್ಷಣವಿದ್ದರೆ ಕೆಲಸವನ್ನು ಮುಂದಕ್ಕೆ ಹಾಕುವುದು ಲೇಸು. ಎಥೆಫಾನ್ ಹುಳಿಯಾದ ದ್ರವದಲ್ಲಿ ಸ್ಥಿರವಾಗಿದ್ದು, ಕ್ಷಾರವುಳ್ಳ ನೀರಿನಲ್ಲಿ ಬೇಗನೆ ಒಡೆದು ಅನಿಲವಾಗಿ ಹಾರಿಹೋಗುತ್ತದೆ. ಆದಕಾರಣ ಸವಳಾದ ಕೊಳವೆ ಭಾವಿಯ ನೀರಿಗಿಂತ ಮಳೆಯ ನೀರು ಅಥವಾ ಸಿಹಿನೀರು ಉತ್ತಮ. ಸುಣ್ಣ, ಬೋರ್ಡೋ ದ್ರಾವಣ ಅಥವಾ ಬೇರೆ ಕೀಟನಾಶಕಗಳೊಡನೆ ಇದನ್ನು ಬೆರೆಸಬಾರದು. ಬೆರೆಸಿದ ದ್ರಾವಣವನ್ನು ಅಂದೇ, ತಡಮಾಡದೆ ಮುಗಿಸಬೇಕು.

ಗಮನಿಸಬೇಕಾದ ಅಪಾಯಗಳು

ಪ್ರಮಾಣವು ಹೆಚ್ಚಾದರೆ ಗೆಣ್ಣುಗಳ ನಡುವಣ ಅಂತರ ಕಿರಿದಾಗಿ, ಎಲೆಗಳು ಸಣ್ಣವಾಗಿ ಹಳದಿಯಾಗಿ, ಬಳ್ಳಿಯು ಹಬ್ಬದೆ ಮುದುಡಿಕೊಳ್ಳುವುದು. ಒಂದು ಸಲ ಹೆಚ್ಚಾದ ಔಷಧವನ್ನು ಬಳ್ಳಿಯಿಂದ ಹಿಂದಕ್ಕೆ ತೆಗೆಯುವ ಉಪಾಯವಿಲ್ಲ. ನೀರು ಗೊಬ್ಬರಗಳ ಕೊರತೆಯಿಂದ ಬಾಡಿದ ಬಳ್ಳಿಗೂ ರೋಗ ಹಿಡಿದ ಬಳ್ಳಿಗೂ ಇದನ್ನು ಸಿಂಪಡಿಸಬಾರದು. ಹೆಣ್ಣುಹೂಗಳು ಹೆಚ್ಚಿದಷ್ಟೂ ಬಳ್ಳಿಯು ಹೆಚ್ಚು ಕಾಯಿಗಳನ್ನು ಸಾಕಬೇಕಾಗುವುದರಿಂದ, ಅಶಕ್ತವಾದ ಬಳ್ಳಿಯಲ್ಲಿ ಮಿಡಿಗಳು ಉದುರಿಹೋಗುತ್ತವೆ.

ಸೌತೆಗೆ ಒಳ್ಳೆಯದಾದುದು ಎಲ್ಲ ಬಳ್ಳಿಗಳಿಗೂ ಒಳ್ಳೆಯದೆಂದು ಎಣಿಸಬಾರದು. ಕಲ್ಲಂಗಡಿಯಲ್ಲಿ ಎಥಿಲೀನ್ ಇದಕ್ಕೆ ವಿರುದ್ಧವಾದ ಫಲವನ್ನು ಕೊಟ್ಟು ಹೆಣ್ಣುಹೂಗಳನ್ನು ತಗ್ಗಿಸುತ್ತದೆ. ಪಕ್ಕದ ಸಾಲಿನಲ್ಲಿ ಕಲ್ಲಂಗಡಿಯಿದ್ದರೆ ಗಾಳಿಯ ದಿಕ್ಕನ್ನು ನೋಡಿ ಸಿಂಪಡಿಸತಕ್ಕದ್ದು. ಅದೇ ಪ್ರಕಾರ, ಬೆಳೆಗೆ ಹುರುಪು ಬರುವುದೆಂದು ಟಾನಿಕ್ ಎಂಬ ಹೆಸರಿನಲ್ಲಿ ಮಾರುವ ದ್ರವಗಳಲ್ಲಿ ಕೆಲವು ಜಿಬ್ಬರೆಲಿನ್‌ನಿಂದ ಕೂಡಿರುತ್ತವೆ. ಹೆಣ್ಣುಹೂ ಬೇಕೆನ್ನುವವರು ಸೌತೆಯ ಎಳೆಯ ಬಳ್ಳಿಗೆ ಅದನ್ನು ಹೊಡೆಯುವುದು ತಮ್ಮ ಉದ್ದೇಶಕ್ಕೆ ತಾವೇ ಅಡ್ಡ ಬಂದಂತೆ.

ಶೀಸೆಯ ದ್ರಾವಣವು ತೀಕ್ಷ್ಣವಾದ ಹುಳಿಯಾದುದರಿಂದ ಕಣ್ಣಿಗೂ ಚರ್ಮಕ್ಕೂ ತಾಗದಂತೆ ಕೈಚೀಲ, ಕನ್ನಡಕಗಳನ್ನು ಧರಿಸಿ ಬೆರೆಸಬೇಕು; ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಬೇಕು. ಶೀಸೆಯ ಜೊತೆಗಿರುವ ಚೀಟಿಯಲ್ಲಿ ಯಾವ ಬೆಳೆಗಳಿಗೆ ಅನುಮತಿಯಿದೆಯೆಂದು ಬರೆದಿರುತ್ತದೆ. ಅದರಲ್ಲಿ ಸೌತೆಯ ಹೆಸರಿಲ್ಲದಿದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನಾಗಲಿ ತೋಟಗಾರಿಕೆ ಇಲಾಖೆಯವರನ್ನಾಗಲಿ ವಿಚಾರಿಸದೆ ಬಳಸತಕ್ಕದ್ದಲ್ಲ. ಕರಾರಿನ ಮೇಲೆ ಬೆಳೆಯುವವರು ಕೊಳ್ಳುವವರ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಪರದೇಶಕ್ಕೆ ಹೋಗುವ ಕಾಯಿಯಲ್ಲಿ ಔಷಧದ ಶೇಷವನ್ನು ಪರೀಕ್ಷಿಸುವುದುಂಟು. ಅನುಮತಿಯಿಲ್ಲದ ಔಷಧವು ಕಂಡುಬಂದು ಮಾಲು ತಿರಸ್ಕೃತವಾದರೆ ನಷ್ಟದ ಹೊರೆಯು ಬೆಳೆದವನ ಮೇಲೆ ಬೀಳುವ ಸಂಭವವಿದೆ.

ಜೇನುನೊಣದ ಸಹಾಯ

ಹೆಣ್ಣುಹೂ ಬಂದ ಮಾತ್ರಕ್ಕೆ ಕಾಯಿ ಬಂದಂತಾಗಲಿಲ್ಲ. ಸೌತೆಯ ಪರಾಗವು ಅಂಟಾದುದರಿಂದ ಗಾಳಿಯಲ್ಲಿ ಹಾರಲಾರದು; ಜೇನುನೊಣಗಳೇ ಅದನ್ನು ಹೂವಿಂದ ಹೂವಿಗೆ ಒಯ್ಯಬೇಕು. ಹೆಣ್ಣುಹೂವು ಅರಳಿದ ಒಂದು ದಿನದೊಳಗಾಗಿ ಈ ಕೆಲಸವು ನಡೆಯಬೇಕು. ಪರಾಗವು ಸಾಲದಿದ್ದರೆ ಮಿಡಿಯು ಹಳದಿಯಾಗಿ ಉದುರುವುದು, ಇಲ್ಲವೆ ಕಾಯಿಯು ಸೊಟ್ಟಗಾಗಿ ಬೆಲೆ ಕಳೆದುಕೊಳ್ಳುವುದು.

ಈ ಕಾರಣದಿಂದ, ಔಷಧ ಸಿಂಪಡಿಸುವಾಗ ಹೊಲದ ಪ್ರತಿ 10 ಸಾಲುಗಳಲ್ಲಿ ಒಂದು ಸಾಲನ್ನು ಔಷಧ ತಾಗಿಸದೆ ಬಿಡಬೇಕು. ಆ ಸಾಲಿನ ಗಂಡುಹೂಗಳು ಉಳಿದ ಒಂಬತ್ತು ಸಾಲುಗಳಿಗೆ ಪರಾಗವನ್ನು ಒದಗಿಸುವುವು. ಗಂಡುಹೂಗಳನ್ನು ಪೂರ್ಣವಾಗಿ ಇಲ್ಲದಂತೆ ಮಾಡುವುದು ಈ ಪದ್ಧತಿಯ ಉದ್ದೇಶವಲ್ಲ. ಬೇಕಾದಷ್ಟು ಮಾತ್ರ ಇರುವಂತೆ ಮಾಡುವುದೇ ಉದ್ದೇಶ. ಹೂ ಬಿಡುವ ಕಾಲದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳನ್ನು ಹೊಲದ ಬದುವಿನಲ್ಲಿಡುವುದು ಬಹು ಪ್ರಯೋಜನಕರ. ಕೀಟನಾಶಕವನ್ನು ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆಯಲ್ಲಿ ಹೊಡೆಯಬೇಕು. ಒಬ್ಬನು ಬೆಳಗಿನಲ್ಲಿ ಹೊಡೆದ ವಿಷವು ಸುತ್ತಲಿನ ಹತ್ತು ಜನರ ಕಾಯಿಯನ್ನು ತಪ್ಪಿಸಬಹುದಾದುದರಿಂದ, ಇದು ಊರಿನವರೆಲ್ಲರೂ ಕೂಡಿ ಕಟ್ಟು ಮಾಡಿಕೊಳ್ಳಬೇಕಾದ ವಿಷಯವಾಗಿದೆ.

ಬೀಜೋತ್ಪಾದಕರಿಗೆ

ರಾಣೆಬೆನ್ನೂರು ಮತ್ತು ಹಾವೇರಿಯ ಸುತ್ತಲಿನ ಪ್ರದೇಶವು ಹೈಬ್ರಿಡ್ ಹತ್ತಿ ಮತ್ತು ಕಾಯಿಪಲ್ಲೆಗಳ ಬೀಜೋತ್ಪಾದನೆಗೆ ಹೆಸರಾದುದು. 1972ರಲ್ಲಿ ಧಾರವಾಡದಲ್ಲಿ ಡಾಕ್ಟರ್ ಕಟರಕಿ ಅವರು ವರಲಕ್ಷ್ಮಿ ಹತ್ತಿಯನ್ನು ಹೊರತಂದ ಮೇಲೆ, ಹೂವಿನ ಗಂಡುಭಾಗವನ್ನು ಕೈಯಿಂದ ತೆಗೆದು ಬೇರೆ ತಳಿಯ ಪರಾಗವನ್ನು ಮುಟ್ಟಿಸುವ ಕೆಲಸವು ಈ ಭಾಗದ ಸಾವಿರಾರು ಹೆಣ್ಣುಮಕ್ಕಳಿಗೆ ಕೈವಶವಾಯಿತು. ಕ್ರಾಸಿಂಗ್ ಎಂದರೆ ಇಲ್ಲಿ ಎಲ್ಲರಿಗೂ ತಿಳಿಯುವ ಮಾತು. ಬಳ್ಳಿಯ ಜಾತಿಯ ಕಾಯಿಪಲ್ಲೆಗಳಲ್ಲಿ ತಾಯಿಸಾಲಿನ ಗಂಡುಹೂಗಳನ್ನು ದಿನವೂ ಹುಡುಕಿ ಕೀಳುವುದು ಬಹಳ ಆಳು ಬೇಡುವ ಕೆಲಸ. ಎಥೆಫಾನಿನಿಂದ ಆ ಗಂಡುಹೂಗಳನ್ನು ತಗ್ಗಿಸಿ ಕೂಲಿಯನ್ನು ಉಳಿಸಬಹುದು. ಹೆಣ್ಣುಹೂಗಳನ್ನೇ ಬಿಡುವ ಸೌತೆಯ ತಳಿಯನ್ನು ಮುಂದಿನ ಪೀಳಿಗೆಗೆ ಉಳಿಸಿಕೊಳ್ಳುವಲ್ಲಿ ಕಷ್ಟವು ಇದಕ್ಕೆ ವಿರುದ್ಧವಾದುದು. ಅದರಲ್ಲಿ ಪರಾಗವೇ ಇರುವುದಿಲ್ಲ. ಆಗ ಕೆಲವು ಬಳ್ಳಿಗಳಿಗೆ ಜಿಬ್ಬರೆಲಿನ್ ಅಥವಾ ಬೆಳ್ಳಿಯ ಲವಣವನ್ನು ಸಿಂಪಡಿಸಿ ಗಂಡುಹೂಗಳನ್ನು ಬರಿಸಿಕೊಳ್ಳುತ್ತಾರೆ. ಇದು ತಜ್ಞರ ಕಣ್ಣಳತೆಯಲ್ಲಿ, ಬೀಜದ ಹೊಲಗಳಲ್ಲಿ ಮಾತ್ರ ನಡೆಯತಕ್ಕ ಕೆಲಸ. ಅಂಥ ಬಳ್ಳಿಯ ಕಾಯಿಯನ್ನು ಊಟಕ್ಕಾಗಲಿ ಸಂತೆಗಾಗಲಿ ಒಯ್ಯಬಾರದು.

ಊರಿಗೊಂದು ಪರೀಕ್ಷೆಯ ತಾಕು

ಮೇಲ್ಕಂಡ ವಿಷಯಗಳನ್ನು ಓದಿದ ಕೂಡಲೇ ಎಕರೆಗಟ್ಟಲೆ ಹೊಲಕ್ಕೆ ಔಷಧ ಹೊಡೆಯುವುದು ವಿವೇಕವಲ್ಲ. ಹಂಸಭಾವಿಯಂಥ ಗ್ರಾಮದಲ್ಲಿ ಅನುಕೂಲಸ್ಥರಾದ ಒಬ್ಬ ಭೂಮಾಲೀಕರು ಮೊದಲ ವರ್ಷ 2 ಗುಂಟೆಗಳಷ್ಟು ನೆಲವನ್ನು ಇದಕ್ಕಾಗಿ ಎತ್ತಿಡಬಹುದು. ಒಂದು ಗುಂಟೆಯಲ್ಲಿ ಔಷಧವನ್ನು ಸಿಂಪಡಿಸಿ, ಇನ್ನೊಂದು ಗುಂಟೆಯನ್ನು ಹಾಗೆಯೇ ಬಿಡಬೇಕು. ಬೀಜ, ಬಿತ್ತನೆಯ ದಿನ, ಗೊಬ್ಬರ, ನೀರು ಎಲ್ಲವೂ ಎರಡಕ್ಕೂ ಒಂದೇ ಆಗಿರಬೇಕು. ಇಲ್ಲವಾದರೆ ವ್ಯತ್ಯಾಸವು ಯಾವುದರಿಂದ ಬಂದಿತೆಂಬುದು ತಿಳಿಯದು. ಒಂದೊಂದು ಗುಂಟೆಯಲ್ಲಿಯೂ 10 ಬಳ್ಳಿಗಳಿಗೆ ಗುರುತಿನ ದಾರ ಕಟ್ಟಿ, ಮೊದಲ ಹೆಣ್ಣುಹೂ ಯಾವ ದಿನ ಎಷ್ಟನೆಯ ಗೆಣ್ಣಿನಲ್ಲಿ ಬಂದಿತು, ಗಂಡುಹೂ ಎಷ್ಟು, ಹೆಣ್ಣುಹೂ ಎಷ್ಟು, ಪ್ರತಿ ಕೊಯ್ಲಿನ ತೂಕವೆಷ್ಟು, ಸೊಟ್ಟ ಕಾಯಿ ಎಷ್ಟು ಎಂಬುದನ್ನು ಒಂದು ವಹಿಯಲ್ಲಿ ಬರೆಯಿಸಬೇಕು. ಔಷಧದ ಬೆಲೆಯನ್ನೂ ಆಳಿನ ಕೂಲಿಯನ್ನೂ ಅದರಲ್ಲಿಯೇ ಕಾಣಿಸಬೇಕು. ಮುಂಗಾರಿನಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ಈ ಪರೀಕ್ಷೆ ನಡೆದರೆ, ಋತುವಿನಿಂದಾಗುವ ವ್ಯತ್ಯಾಸವೂ ಗೊತ್ತಾಗುವುದು. ಬೇಸಿಗೆಯಲ್ಲಿ ಗಂಡುಹೂಗಳ ಕಾಟವು ಹೆಚ್ಚಾದುದರಿಂದ ಔಷಧದ ಪ್ರಯೋಜನವು ಆಗ ಎದ್ದು ಕಾಣುವ ಸಂಭವವಿದೆ.

ಲೆಕ್ಕದ ವಹಿಯಲ್ಲಿ ಉಳಿತಾಯವು ಕಂಡುಬಂದಲ್ಲಿ, ಆ ಊರಿನ ಇತರ ರೈತರಿಗೆ ಬೇರೆ ಉಪದೇಶವೇ ಬೇಕಾಗಲಾರದು. ಉಳಿತಾಯವು ಕಾಣದಿದ್ದಲ್ಲಿ ಹೋದುದು ಒಂದು ಗುಂಟೆಯ ಮೇಲಣ ಕೆಲವು ಮಿಲಿ ಲೀಟರ್ ಔಷಧ ಮಾತ್ರ. ಊರಿನ ಬೆಳೆಯೆಲ್ಲ ಉಳಿದಂತಾಯಿತು. ಬೀಜವನ್ನು ಅರಿತು, ಅಳತೆಯನ್ನು ಮೀರದೆ, ಎರಡೆಲೆ ನಾಲ್ಕೆಲೆಗಳ ಕಾಲವನ್ನು ತಪ್ಪಿಸದೆ, ಜೇನನ್ನು ಕಾಪಾಡಿಕೊಂಡು ನಡೆಯುವ ರೈತನಿಗೆ ಸೌತೆಯ ಬಳ್ಳಿಯು ತಕ್ಕ ಪ್ರತಿಫಲವನ್ನು ಕೊಡುವುದು. ಈ ನಾಲ್ಕರಲ್ಲಿ ಒಂದನ್ನು ಬಿಟ್ಟರೂ ಶೀಸೆಯ ಔಷಧವೊಂದೇ ಕಾಯಿಯನ್ನು ತರಲಾರದೆಂಬುದನ್ನು ಗ್ರಾಮದ ಹಿರಿಯರು ಎಲ್ಲರಿಗೂ ಮನದಟ್ಟಾಗುವಂತೆ ತಿಳಿಸಬೇಕಾಗಿದೆ.